ಅರ್ಧ ಮೀಸೆ ಪುಕ್ಕಟೆ

ಆ ಬೀದಿಯ ಕಟಿಂಗ್ ಅಂಗಡಿಯವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಬ್ಯಾಂಕಿನವರನ್ನು ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ. ಬೀದಿಗೆಲ್ಲ ಅವನು ಸ್ಟೀರಿಯೋ. ಎರಡೇ ಕುರ್ಚಿಯ ಅಂಗಡಿಗೆ ಮೂಲೆಗೊಂದರಂತೆ ಸ್ಪೀಕರ್ ಜೋಡಿಸಿ, ಸಾಲದೆಂದು ಕೈತೊಳೆಯುವ ನಲ್ಲಿಯ ಮೇಲೂ ಒಂದನ್ನು ಮೊಳೆ ಹೊಡೆದು ಕೂರಿಸಿದವನಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು? ಹಾಡು ನಿಧಾನವಿದ್ದರೆ ಕತ್ತರಿಯೂ ನಿಧಾನ, ಹಾಡು ಜೋರಾದರೆ ಕತ್ತರಿಯೂ ಜೋರು. ಕಿವಿಯ ಮೇಲೆ ಆಸೆಯಿದ್ದವರು ಹಾಡು ಬದಲಾಗುವಾಗ ಸ್ವಲ್ಪ ಹುಷಾರಾಗಿರುತ್ತಿದ್ದರು.

ಸ್ಟೀರಿಯೋನಿಗೆ ಎರಡು ನಂಬಿಕೆಗಳಿದ್ದವು. ಕೂದಲು ಕತ್ತರಿಸುವುದು ಕಲೆ, ತಾನು ಕಲಾವಿದ ಎನ್ನುವುದು ಒಂದು. ಹಾಡಿಗೆ ದುಡ್ಡು ಕೊಡುವವನು ಶುದ್ಧ ಪೆದ್ದ ಎನ್ನುವುದು ಇನ್ನೊಂದು. ಬೇರೆ ಬೇರೆಯಾಗಿದ್ದರೆ ಎರಡೂ ಯಾರಿಗೂ ತೊಂದರೆ ಕೊಡದ ಸಾಧು ನಂಬಿಕೆಗಳೇ. ಎರಡೂ ಒಂದೇ ತಲೆಯೊಳಗೆ ಬಿಡಾರ ಹೂಡಿದ್ದೇ ಎಡವಟ್ಟಾಯಿತು.

ಒಂದು ಬೆಳಿಗ್ಗೆ ಬಿಳಿ ಗಡ್ಡದ ಗಿರಾಕಿಯೊಬ್ಬರು ಬಂದು ಕುರ್ಚಿಯಲ್ಲಿ ಕೂತರು. ಹೊಸಬರು. ಸ್ಟೀರಿಯೋ ಬಟ್ಟೆ ಹೊದಿಸಿ, ಪೆನ್‌ಡ್ರೈವ್ ಚುಚ್ಚಿ ಹಾಡು ಹಾಕಿದ. ಮೊದಲು ಒಂದು ಕೊಳಲು ಬಂತು. ಹೊದಿಕೆಯ ಕೆಳಗೆ ಗಿರಾಕಿಯ ಬೆರಳುಗಳು ಮಿಸುಕಾಡತೊಡಗಿದವು.

"ಈ ಹಾಡು ಎಲ್ಲಿ ಸಿಕ್ತು ನಿಮಗೆ?" ಎಂದರು ಅವರು.

ಇಂಥ ಪ್ರಶ್ನೆಗಾಗಿಯೇ ಕಾಯುತ್ತಿದ್ದವನಂತೆ ಸ್ಟೀರಿಯೋ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿದ.

"ಡೌನ್‌ಲೋಡ್ ಮಾಡ್ಕೊಂಡೆ ಸಾರ್. ನಮ್ಮ ಭಾವಮೈದ ಒಂದು ದಾರಿ ತೋರಿಸ್ಕೊಟ್ಟಿದ್ದಾನೆ. ಒಂದು ಪೈಸೆ ಖರ್ಚಿಲ್ಲ! ಇಲ್ಲಿ ನೋಡಿ, ಉಗುರಿನಷ್ಟು ಪೆನ್‌ಡ್ರೈವ್. ಜನ್ಮಕ್ಕಾಗೋಷ್ಟು ಹಾಡಿದೆ ಇದರೊಳಗೆ."

"ಹಾಡು ಮಾಡಿದವರಿಗೆ ಏನೂ ಕೊಡಲ್ವಾ?"

"ಯಾಕೆ ಕೊಡ್ಬೇಕು ಸಾರ್? ನಾನು ಅವರ ಸೈಕಲ್ ಎತ್ಕೊಂಡು ಬಂದಿದ್ರೆ ಅವರು ನಡ್ಕೊಂಡು ಓಡಾಡ್ಬೇಕಾಗಿತ್ತು, ಒಪ್ತೀನಿ. ಹಾಡು ಹಾಗಲ್ಲ. ನನ್ನ ಹತ್ರಾನೂ ಇದೆ, ಅವರ ಹತ್ರಾನೂ ಇದೆ. ಅವರದೇನು ಕಮ್ಮಿ ಆಯ್ತು? ಅದೂ ಅಲ್ದೆ ಅದು ಕಲೆ! ಕಲಾವಿದ ಆದವನು ದುಡ್ಡಿಗೆ ಕೈ ಚಾಚಬಾರದು ಸಾರ್. ಚಾಚಿದ ಕ್ಷಣಕ್ಕೆ ಕಲೆ ಸತ್ತುಹೋಗುತ್ತೆ."

ಬೆಂಚಿನ ಮೇಲೆ ಕೂತು ಅಂಗಡಿಯ ಪೇಪರನ್ನು ಪುಕ್ಕಟೆ ಓದುತ್ತಿದ್ದ ಲೆಕ್ಕದ ಮೇಷ್ಟ್ರು ಪೇಪರ್ ಇಳಿಸಿ, "ಆಳವಾದ ಮಾತು," ಎಂದು ತಲೆಯಾಡಿಸಿದರು. ಹೊಗಳಿಕೆಗೆ ಉಬ್ಬಿದ ಸ್ಟೀರಿಯೋ ಗಿರಾಕಿಯ ಗಡ್ಡದ ಮೇಲೆ ಎಂದೂ ತೋರಿಸದ ಕುಸುರಿ ಕೆಲಸ ತೋರಿಸಿದ. ಮುಗಿದ ಮೇಲೆ ಹಿಂದಿನಿಂದ ಕನ್ನಡಿ ಹಿಡಿದು, "ಹೇಗಿದೆ ಸಾರ್?" ಎಂದ.

"ಬಹಳ ಚೆನ್ನಾಗಿದೆ ಕಟಿಂಗು."

"ಕಟಿಂಗ್ ಅನ್ಬೇಡಿ ಸಾರ್. ಕಲೆ ಅನ್ನಿ."

"ಹಾಗಾದ್ರೆ ಬರ್ತೀನಿ," ಎಂದು ಗಿರಾಕಿ ಎದ್ದು, ಚೀಲ ಹೆಗಲಿಗೇರಿಸಿ, ಬಾಗಿಲ ಕಡೆ ನಡೆದೇ ಬಿಟ್ಟರು.

"ಸಾರ್... ದುಡ್ಡು?"

"ಯಾವುದಕ್ಕೆ?" ಅವರ ಮುಖದಲ್ಲಿ ನಿಜವಾದ ಆಶ್ಚರ್ಯವೇ ಇತ್ತು. "ನಾನೇನು ತಗೊಂಡೆ ನಿಮ್ಮಿಂದ? ಕತ್ತರಿ ನಿಮ್ಮ ಹತ್ರಾನೇ ಇದೆ, ಕುರ್ಚಿ ಇಲ್ಲೇ ಇದೆ, ಕೈಚಳಕ ನಿಮ್ಮ ಕೈಯಲ್ಲೇ ಉಳಿದಿದೆ. ಸರಿಯಾಗಿ ನೋಡಿದ್ರೆ ನಾನೇ ನನ್ನ ಕೂದಲನ್ನ ಇಲ್ಲಿ ಬಿಟ್ಟು ಹೋಗ್ತಿದ್ದೀನಿ." ಹೊಸ್ತಿಲು ದಾಟಿ ತಿರುಗಿ ನಿಂತು ಇನ್ನೂ ಒಂದು ಮಾತು ಹೇಳಿದರು: "ಆ ಹಾಡು ಕಟ್ಟಿದವನು ನಾನೇ. ಕೊಳಲು ನುಡಿಸಿದ್ದೂ ನಾನೇ. ನಿಮ್ಮ ಸ್ಪೀಕರ್‌ನಲ್ಲಿ ಚೆನ್ನಾಗಿ ಕೇಳಿಸ್ತಿದೆ."

ಸ್ಟೀರಿಯೋ ಕೈಗನ್ನಡಿ ಕೆಳಗಿಡುವಷ್ಟರಲ್ಲಿ ಅವರು ಬೀದಿಯ ತಿರುವಿನಲ್ಲಿ ಕಾಣೆಯಾಗಿದ್ದರು. ಕೊಳಲು ಮಾತ್ರ ಐದು ಸ್ಪೀಕರಿನಲ್ಲಿ ಮೊಳಗುತ್ತಲೇ ಇತ್ತು.

ಬುದ್ಧಿವಂತನಾಗಿದ್ದರೆ ಇಲ್ಲಿಗೇ ಸುಮ್ಮನಾಗುತ್ತಿದ್ದ. ಸ್ಟೀರಿಯೋ ಏಪ್ರನ್ನನ್ನೂ ಬಿಚ್ಚದೆ ನೆಟ್ಟಗೆ ಠಾಣೆಗೆ ಓಡಿದ. ಅಲ್ಲಿ ಬೀದಿಗೆಲ್ಲ ಪರಿಚಯದ ಪೇದೆಯೊಬ್ಬರಿದ್ದರು. ಅವರ ಮೀಸೆ ಆ ಠಾಣೆಯ ಆಸ್ತಿಗಳಲ್ಲೆಲ್ಲ ದೊಡ್ಡದು. ವಾರಕ್ಕೊಮ್ಮೆ ಅದಕ್ಕೆ ಬಣ್ಣ ಹಾಕಿ ತಿದ್ದಿ ತೀಡುತ್ತಿದ್ದವನು ಸ್ಟೀರಿಯೋನೇ. ಅದಕ್ಕೆ ದುಡ್ಡು ಕೊಡುವ ಪದ್ಧತಿ ಪೇದೆಯವರಿಗೆ ಇರಲಿಲ್ಲ.

"ಕಳ್ಳತನ ಆಗಿದೆ ಸಾರ್!"

"ಏನು ಹೋಯ್ತು?" ಪೇದೆ ಪೆನ್ನು ಬಿಚ್ಚಿದರು.

"ಕಟಿಂಗು ಸಾರ್."

ಪೇದೆ ಪೆನ್ನು ಮುಚ್ಚಿದರು. ಮತ್ತೆ ಬಿಚ್ಚಿದರು. "ಕಳುವಾದ ಮಾಲು ಈಗ ಎಲ್ಲಿದೆ?"

"ಅವರ ತಲೆ ಮೇಲೆ ಸಾರ್. ಸ್ವಲ್ಪ ಗಡ್ಡದಲ್ಲೂ ಇದೆ."

"ತಲೆ ಯಾರದ್ದು?"

"ಅವರದ್ದೇ."

"ಅವರ ತಲೆ, ಅವರ ಕೂದಲು, ಅವರ ಹತ್ರಾನೇ ಇದೆ. ನಾನು ಹೋಗಿ ಏನಯ್ಯಾ ಜಪ್ತಿ ಮಾಡ್ಲಿ? ಮಾಡಿದ್ರೂ ನಿನಗೆ ವಾಪಸ್ ಕೊಡೋದು ಹೇಗೆ? ಸೀಲ್ ಹಾಕಿ ತಲೆಯನ್ನೇ ಕೊಡ್ಲಾ?"

ಸ್ಟೀರಿಯೋ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಹೇಳಬಾರದ ತನ್ನ ಭಾಷಣವನ್ನೂ ಸೇರಿಸಿ ಹೇಳಿದ. ಪೇದೆ ಕಣ್ಣುಮುಚ್ಚಿ ಪೂರ್ತಿ ಕೇಳಿದರು. ಅವರ ಮುಖದಲ್ಲಿ ನಿಧಾನವಾಗಿ ಒಂದು ಶಾಂತಿ ಹರಡಿತು.

"ನೋಡಯ್ಯಾ, ಇಷ್ಟು ವರ್ಷ ನಿನ್ನ ಹತ್ರ ಸುಮ್ನೆ ಪುಕ್ಕಟೆ ಮಾಡಿಸ್ಕೊಳ್ತಿದ್ದೆ. ಒಳಗೊಳಗೇ ಚುಚ್ತಿತ್ತು. ಇವತ್ತು ನನಗೊಂದು ಸಿದ್ಧಾಂತ ಸಿಕ್ತು," ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ದೂರು ದಾಖಲಾಗಲಿಲ್ಲ.

ಸುದ್ದಿ ಸ್ಟೀರಿಯೋನಿಗಿಂತ ಮುಂಚೆ ಬೀದಿ ಸೇರಿತ್ತು. ಮರುದಿನ ಲೆಕ್ಕದ ಮೇಷ್ಟ್ರು ಪೇಪರ್ ಓದಲು ಬಂದವರು ಓದಿ ಮುಗಿಸಿ ಕುರ್ಚಿಗೂ ಏರಿದರು. ಕಟಿಂಗ್ ಮಾಡಿಸಿಕೊಂಡು, ಭುಜ ಕೊಡವಿಕೊಂಡು ಎದ್ದು ನಿಂತರು.

"ದುಡ್ಡು, ಮೇಷ್ಟ್ರೇ."

"ಇದು ಕಲೆಯೋ ಅಲ್ಲವೋ?"

"ಕಲೆಯೇ!"

"ಕಲೆಗೆ ದುಡ್ಡು ಕೇಳಬಾರದು ಅಂದವನು ನೀನೋ ಅಲ್ಲವೋ?"

"ನಾನೇ... ಆದ್ರೆ ಅದು ಹಾಡಿನ ಬಗ್ಗೆ..."

"ಅಂದ್ರೆ ಹಾಡು ಕಲೆ, ಕಟಿಂಗು ಕಲೆ ಅಲ್ಲ. ಬರೀ ಕೂಲಿ ಕೆಲಸ. ಹಾಗಂತ ನಾಲ್ಕು ಜನರ ಮುಂದೆ ಒಪ್ಕೊ, ಈಗಲೇ ದುಡ್ಡು ಎಣಿಸ್ತೀನಿ."

ನಾಲ್ಕಲ್ಲ, ಬಾಗಿಲಲ್ಲಿ ಅರ್ಧ ಬೀದಿಯೇ ನಿಂತಿತ್ತು. ಸ್ಟೀರಿಯೋ ಅಡಕತ್ತರಿಗೆ ಸಿಕ್ಕಿದ. ಕೂಲಿ ಎಂದರೆ ದುಡ್ಡು ಬರುತ್ತದೆ, ಮಾನ ಹೋಗುತ್ತದೆ. ಕಲೆ ಎಂದರೆ ಮಾನ ಉಳಿಯುತ್ತದೆ, ಗಲ್ಲಾ ಪೆಟ್ಟಿಗೆ ಒಣಗುತ್ತದೆ. ಕೊನೆಗೆ ಎದೆಯುಬ್ಬಿಸಿ, "ಕಲೆ!" ಎಂದು ಗರ್ಜಿಸಿದ. ಬೀದಿ ಚಪ್ಪಾಳೆ ತಟ್ಟಿತು. ತಟ್ಟಿದವರೆಲ್ಲ ಸಾಲಾಗಿ ಒಳಗೆ ಬಂದು ಕೂತರು.

ಅಂದಿನಿಂದ ಅಂಗಡಿ ತುಂಬಿ ತುಳುಕಿತು. ವರ್ಷಗಟ್ಟಲೆ ಕತ್ತರಿ ಕಾಣದ ತಲೆಗಳು ಎಲ್ಲೆಲ್ಲಿಂದಲೋ ಬಂದವು. ಬೋಳುತಲೆಯವರು ಕೂಡ ಇದ್ದ ನಾಲ್ಕು ಎಳೆಯನ್ನು ಹಿಡಿದುಕೊಂಡು ಸಾಲಿನಲ್ಲಿ ನಿಂತರು. ಡೌನ್‌ಲೋಡ್ ಗುರುವಾದ ಭಾವಮೈದನಂತೂ, "ಭಾವ, ಸಂಬಂಧ ಬೇರೆ, ಸಿದ್ಧಾಂತ ಬೇರೆ. ನಾನು ನಿಮ್ಮ ಸಿದ್ಧಾಂತಕ್ಕೆ ಬೆಲೆ ಕೊಟ್ಟು ಬಂದಿದ್ದೀನಿ," ಎಂದು ಮುಖಕ್ಕೆ ಮಸಾಜನ್ನೂ ಮಾಡಿಸಿಕೊಂಡು ಹೋದ. ಬೆಲೆ ಅವನು ಕೊಟ್ಟದ್ದು ಸಿದ್ಧಾಂತಕ್ಕೆ ಮಾತ್ರ.

ಇದನ್ನೆಲ್ಲ ಪಕ್ಕದ ಬಾಗಿಲಿನಿಂದ ಒಬ್ಬಳು ನೋಡುತ್ತಿದ್ದಳು. ಸ್ಟೀರಿಯೋನ ಹೆಂಡತಿ. ಅಂಗಡಿಗೆ ಅಂಟಿಕೊಂಡ ಕಿಷ್ಕಿಂಧೆಯಂಥ ಕೋಣೆಯಲ್ಲಿ ಅವಳ ಹೊಲಿಗೆ ಮಷಿನ್ ಇತ್ತು. ಅವಳು ದುಡ್ಡು ಕೈಗೆ ಬರದೆ ಗುಂಡಿ ಹಾಕಿ ಕೊಡುವವಳಲ್ಲ. ವಾರದ ಕೊನೆಗೆ ಗಲ್ಲಾ ಪೆಟ್ಟಿಗೆ ತೆರೆದು ನೋಡಿದಳು. ಒಳಗೆ ಒಂದು ಮುರಿದ ಬಾಚಣಿಗೆ ಇತ್ತು.

"ರೀ, ನಿಮ್ಮ ಕಲೆಯಲ್ಲಿ ಬಾಡಿಗೆ ಕಟ್ಟೋಕಾಗುತ್ತಾ?"

"ಅದು... ನೋಡೇ, ಜನ ತಪ್ಪು ತಿಳ್ಕೊಂಡಿದ್ದಾರೆ."

"ಸರಿಯಾಗೇ ತಿಳ್ಕೊಂಡಿದ್ದಾರೆ. ತಪ್ಪಾಗಿ ಮಾತಾಡಿದವರು ನೀವು. ಆ ಮನುಷ್ಯ ಕೊಳಲು ಊದಿ ಊದಿ ಹೊಟ್ಟೆ ಹೊರೀಬೇಕು, ನೀವು ಅದನ್ನ ಬಿಟ್ಟಿಯಾಗಿ ಕೇಳ್ಕೊಂಡು ಗಡ್ಡ ಕೆರೆದು ದುಡ್ಡು ಮಾಡ್ಬೇಕು. ಯಾವ ನ್ಯಾಯ ಇದು?" ಎಂದು ಪೆನ್‌ಡ್ರೈವನ್ನು ಕಿತ್ತು ತನ್ನ ಗುಂಡಿ ಡಬ್ಬಿಗೆ ಹಾಕಿಕೊಂಡಳು. "ಈ ಬರೋ ವಾರವೂ ಪೆಟ್ಟಿಗೆ ಹೀಗೇ ಇದ್ರೆ ಕುರ್ಚಿ ಎರಡೂ ಹೊರಗೆ. ಈ ಜಾಗಕ್ಕೆ ನಾನು ಇನ್ನೆರಡು ಮಷಿನ್ ಹಾಕಿಸ್ತೀನಿ. ನೀವು ಗುಂಡಿಗೆ ಕಾಜಾ ಮಾಡೋದು ಕಲಿತ್ಕೊಳ್ಳಿ."

ಅವಳು ತಮಾಷೆಗೆ ಮಾತಾಡುವವಳಲ್ಲ. ಆ ಅಂಗಡಿಯ ಕನ್ನಡಿಯ ಮುಂದೆ ನಿಂತಾಗ ಮಾತ್ರ ಸ್ಟೀರಿಯೋನಿಗೆ ತಾನೂ ಒಬ್ಬ ಮನುಷ್ಯ ಎನ್ನಿಸುತ್ತಿತ್ತು. ಕಾಜಾ ಮಾಡುವವನನ್ನು ಯಾರೂ ಕಲಾವಿದ ಎನ್ನುವುದಿಲ್ಲವಲ್ಲ ಎಂದು ಅವನಿಗೆ ದುಃಖವೇ ಆಯಿತು.

ಪೆನ್‌ಡ್ರೈವ್ ಇಲ್ಲದ ಅಂಗಡಿಯಲ್ಲಿ ಮೌನ ಕವಿಯಿತು. ತಡೆಯಲಾರದೆ ಅವನು ಫೋನಿನಲ್ಲಿ ಆ ಕೊಳಲಿನವರ ಹಾಡು ಎಲ್ಲಿ ಮಾರಾಟಕ್ಕಿದೆಯೆಂದು ಹುಡುಕಿದ. ಸಿಕ್ಕಿತು. ಒತ್ತಿದ. ಕೊಳಲು ಶುರುವಾಯಿತು, ಮೆಲ್ಲಗೆ ಮೇಲಕ್ಕೆ ಹತ್ತಿತು, ಇನ್ನೂ ಹತ್ತಿತು, ಇನ್ನೇನು ತುದಿ ಮುಟ್ಟಬೇಕು, ಟಪ್ ಎಂದು ನಿಂತುಬಿಟ್ಟಿತು. "ಇಲ್ಲಿಯವರೆಗೆ ಉಚಿತ. ಪೂರ್ತಿ ಕೇಳಲು ಖರೀದಿಸಿ" ಎಂಬ ಅಕ್ಷರಗಳು ಮೂಡಿದವು.

"ಇದೇನು ಅನ್ಯಾಯ!" ಎಂದು ಸ್ಟೀರಿಯೋ ಫೋನಿಗೇ ಬೈದ. ಮುಂದಿನದು ಅವನಿಗೆ ಬಾಯಿಪಾಠ. ಆದರೂ ಸೀನು ಅರ್ಧಕ್ಕೆ ನಿಂತವನ ಹಾಗೆ ಇಡೀ ದಿನ ಚಡಪಡಿಸಿದ. ಊಟಕ್ಕೆ ಕೂತರೆ ಕೊಳಲು ಅದೇ ಮೆಟ್ಟಿಲ ಮೇಲೆ ನಿಂತಿರುತ್ತಿತ್ತು. ಸಂಜೆಯ ಹೊತ್ತಿಗೆ ಸೋತು, ಹಲ್ಲುಕಚ್ಚಿ, ಖರೀದಿಯ ಗುಂಡಿ ಒತ್ತಿಯೇಬಿಟ್ಟ. ಬೆಲೆ ಒಂದು ಕಟಿಂಗಿಗಿಂತ ಕಡಿಮೆಯೇ ಇತ್ತು.

ಹಾಡು ಪೂರ್ತಿ ಬಂತು. ಎಷ್ಟೋ ಸಲ ಕೇಳಿದ್ದ ಹಾಡೇ. ಆದರೆ ಅಂದು ಅದರ ಮುಂದೆ ಕಾಲು ಚಾಚಿ, ಕಿವಿ ಕೊಟ್ಟು, ಯಾರ ಹಂಗೂ ಇಲ್ಲದೆ ಕೂತಿದ್ದ. ದುಡ್ಡು ಕೊಟ್ಟವನ ಗತ್ತೇ ಬೇರೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಬಹಳ ಸಂತೋಷವಾಯಿತು. ಸಂತೋಷದ ಬೆನ್ನಿಗೇ ಅವನ ತಲೆಗೆ ಒಂದು ಯೋಚನೆ ಹೊಳೆಯಿತು. ಅವನ ತಲೆಗೆ ಯೋಚನೆಗಳು ಹೊಳೆಯುವುದು ಅಪರೂಪವಾದ್ದರಿಂದ ಕೂತಲ್ಲಿಂದ ಎದ್ದೇ ನಿಂತ.

ಮುಂದಿನ ಗುರುವಾರ ಸಂಜೆ ಎಂದಿನಂತೆ ಜಾತ್ರೆ ಸೇರಿತು. ಮರುದಿನ ಬೆಳಿಗ್ಗೆ ಮೇಷ್ಟ್ರಿಗೆ ಶಾಲೆಯ ವಾರ್ಷಿಕೋತ್ಸವದಲ್ಲಿ ಭಾಷಣವಿತ್ತು. ಭಾವಮೈದನಿಗೆ ಕೆಲಸದ ಇಂಟರ್‌ವ್ಯೂ. ಪೇದೆಯವರಿಗೆ ದೊಡ್ಡ ಸಾಹೇಬರ ಮುಂದೆ ಕವಾಯತು. ಸಾಹೇಬರು ಮೊದಲು ನೋಡುವುದೇ ಮೀಸೆಯನ್ನು ಎಂದು ಠಾಣೆಯಲ್ಲಿ ಪ್ರತೀತಿ. ಮೂವರೂ ಆತುರದಲ್ಲಿದ್ದರು. ಸ್ಟೀರಿಯೋ ಅಂದು ಸಾಕ್ಷಾತ್ ಸೌಜನ್ಯಮೂರ್ತಿ.

"ಯಾರೂ ಕಾಯೋದು ಬೇಡ. ಒಟ್ಟಿಗೇ ಮಾಡ್ತೀನಿ ಬನ್ನಿ," ಎಂದು ಮೇಷ್ಟ್ರನ್ನು ಒಂದು ಕುರ್ಚಿಗೆ, ಪೇದೆಯವರನ್ನು ಇನ್ನೊಂದಕ್ಕೆ, ಭಾವಮೈದನನ್ನು ನಡುವಿನ ಸ್ಟೂಲಿಗೆ ಏರಿಸಿ, ಮೂವರಿಗೂ ಕುತ್ತಿಗೆಯವರೆಗೆ ಬಟ್ಟೆ ಕಟ್ಟಿದ. ಒಬ್ಬರಿಂದ ಒಬ್ಬರಿಗೆ ಹಾರುತ್ತಾ ಕತ್ತರಿ ಆಡಿಸಿದ. ಅಂಥ ಕೆಲಸವನ್ನು ಬೀದಿ ಕಂಡಿರಲಿಲ್ಲ. ಮೇಷ್ಟ್ರ ಎಡಗಡೆ ತಲೆ ಹುಲ್ಲುಹಾಸಿನಷ್ಟು ನುಣುಪಾಯಿತು. ಭಾವಮೈದನ ಎಡಗೆನ್ನೆ ಫಳಫಳ ಹೊಳೆಯಿತು. ಪೇದೆಯ ಎಡಮೀಸೆ ಕಡುಕಪ್ಪಾಗಿ, ಚೂಪಾಗಿ, ತುದಿಯಲ್ಲಿ ಸೊಗಸಾಗಿ ಮೇಲಕ್ಕೆ ತಿರುಗಿತು.

ಆಮೇಲೆ ಸ್ಟೀರಿಯೋ ಕತ್ತರಿ ಕೆಳಗಿಟ್ಟ. ಕೈ ಒರೆಸಿಕೊಂಡ. ಬೆಂಚಿನ ಮೇಲೆ ಕೂತು ಪೇಪರ್ ಬಿಡಿಸಿದ.

ಮೂವರೂ ಸ್ವಲ್ಪ ಹೊತ್ತು ಕಾದರು. ಕನ್ನಡಿಯಲ್ಲಿ ಮೇಷ್ಟ್ರ ಬಲಗಡೆ ಪೊದೆ, ಭಾವಮೈದನ ಬಲಗೆನ್ನೆಯ ನೊರೆಯೊಳಗಿಂದ ಇಣುಕುವ ಕುರುಚಲು, ಪೇದೆಯವರ ನರೆತು ಜೋತುಬಿದ್ದ ಬಲಮೀಸೆ ಕಾಣುತ್ತಿದ್ದವು.

"ಏನಯ್ಯಾ, ಏನು ಮಾಡ್ತಿದ್ದೀಯ?" ಎಂದರು ಪೇದೆ.

"ಪೇಪರ್ ಓದ್ತಿದ್ದೀನಿ ಸಾರ್."

"ಇನ್ನರ್ಧ?"

"ಇಲ್ಲಿವರೆಗೆ ಉಚಿತ ಸಾರ್. ಪೂರ್ತಿ ಬೇಕಾದ್ರೆ ಖರೀದಿಸಿ."

ಬಾಗಿಲಲ್ಲಿ ನಿಂತಿದ್ದ ಜನರಿಂದ ಎದ್ದ ನಗೆಗೆ ಅಂಗಡಿಯ ಕನ್ನಡಿ ಅದುರಿತು.

"ಒಳಗೆ ಹಾಕ್ತೀನಿ ನಿನ್ನ!" ಪೇದೆ ಎದ್ದು ನಿಂತರು. ಎಡಮೀಸೆ ಮಾತ್ರ ಸಿಟ್ಟಿನಿಂದ ಕುಣಿಯಿತು.

"ಯಾವ ಕೇಸಿನಲ್ಲಿ ಸಾರ್? ನಿಮ್ಮ ತಲೆ, ನಿಮ್ಮ ಮೀಸೆ, ನಿಮ್ಮ ಹತ್ರಾನೇ ಇದೆ. ನಾನೇನು ತಗೊಂಡೆ? ಹೊರಡಿ ಬೇಕಾದ್ರೆ. ನಾಳೆ ಸಾಹೇಬರ ಮುಂದೆ ಬಲಕ್ಕೆ ತಿರುಗಿ ಎಡಮೀಸೆ ಮಾತ್ರ ತೋರಿಸಿ."

ಕವಾಯತಿನಲ್ಲಿ ಎಡಕ್ಕೂ ತಿರುಗಬೇಕಾಗುತ್ತದೆ ಎಂಬುದು ಪೇದೆಯವರಿಗೆ ತಿಳಿದಿತ್ತು. ಕುಸಿದು ಕೂತರು.

ಮೇಷ್ಟ್ರು ಅಷ್ಟು ಸುಲಭಕ್ಕೆ ಸೋಲುವವರಲ್ಲ. "ಅರ್ಧ ಕೆಲಸಕ್ಕೆ ಅರ್ಧ ದುಡ್ಡು ಕೊಡ್ತೀನಿ, ತಗೊ," ಎಂದರು.

"ಅರ್ಧ ತಲೆ ನಾನು ಮಾರಲ್ಲ ಮೇಷ್ಟ್ರೇ."

"ಹಾಗಾದ್ರೆ ಮೂಲಕ್ಕೇ ಬರ್ತೀನಿ." ಮೇಷ್ಟ್ರು ನುಣುಪು ಭಾಗವನ್ನು ಜನರ ಕಡೆಗೆ ತಿರುಗಿಸಿ ಧ್ವನಿ ಏರಿಸಿದರು. "ಕಲಾವಿದನಿಗೆ ದುಡ್ಡು ಕೊಡಬೇಕು ಅಂತೀಯ. ಒಪ್ಪೋಣ. ನೀನು ಕೊಟ್ಟಿದ್ದೀಯಾ? ಆ ಕೊಳಲಿನವರಿಗೆ ಕೊಡದವನಿಗೆ ನಮ್ಮನ್ನ ಕೇಳೋ ಹಕ್ಕು ಎಲ್ಲಿಂದ ಬಂತು?"

ನಗೆ ಥಟ್ಟನೆ ನಿಂತಿತು. ಎಲ್ಲರೂ ಸ್ಟೀರಿಯೋನ ಮುಖ ನೋಡಿದರು. ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷಿನ್ನಿನ ಸದ್ದೂ ನಿಂತಿತು.

ಸ್ಟೀರಿಯೋ ಎದ್ದ. ಪೇಪರ್ ಮಡಿಸಿದ. ಫೋನ್ ತೆಗೆದು ರಶೀದಿಯನ್ನು ಮೇಷ್ಟ್ರ ಕಣ್ಣಿನ ಮುಂದೆ, ಓದಲು ಹಿತವಾಗುವಷ್ಟು ದೂರದಲ್ಲಿ ಹಿಡಿದ. ಮೇಷ್ಟ್ರು ಓದಿದರು. ಮತ್ತೊಮ್ಮೆ ಓದಿದರು.

"ನಾನು ಆಡಿದ್ದು ತಪ್ಪು ಮೇಷ್ಟ್ರೇ," ಎಂದ ಸ್ಟೀರಿಯೋ. "ಅವರದೇನು ಕಮ್ಮಿ ಆಯ್ತು ಅಂದೆ. ಏನು ಕಮ್ಮಿ ಆಗುತ್ತೆ ಅಂತ ನನಗೆ ಈ ವಾರ ಗೊತ್ತಾಯ್ತು. ಇಡೀ ದಿನ ನಿಂತು ನಿಂತು ಕಾಲು ನೋಯ್ತು, ಪೆಟ್ಟಿಗೇಲಿ ಒಂದು ಬಾಚಣಿಗೆ ಇತ್ತು. ಮಿಕ್ಕ ಹಾಡುಗಳ್ನೂ ಒಂದೊಂದಾಗಿ ಖರೀದಿ ಮಾಡ್ತೀನಿ, ಆಗೋವರೆಗೂ ಇದೊಂದನ್ನೇ ಹಾಕ್ತೀನಿ. ಬೇಜಾರಾದವರು ಕಿವಿ ಮುಚ್ಕೊಳ್ಳಿ!"

ಹಾಡು ಹಾಕಿದ. ಐದು ಸ್ಪೀಕರಿನಿಂದ ಕೊಳಲು ಮೇಲೇರಿತು. ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ನೊರೆ ಒಣಗುತ್ತಿದ್ದ ಭಾವಮೈದ ಕೂಡ ಸ್ಟೂಲಿನ ಮೇಲೆ ಕೂತೇ ಕಾಲಲ್ಲಿ ತಾಳ ಹಾಕಿದ.

ಹಾಡು ಮುಗಿಯುತ್ತಿದ್ದಂತೆ ಗುಂಪನ್ನು ಸರಿಸಿಕೊಂಡು ಬಿಳಿ ಗಡ್ಡದವರು ಒಳಗೆ ಬಂದರು. ಅವರು ಅಂದೇ ಮರಳಿ ಬಂದು ದುಡ್ಡು ಕೊಡಬೇಕೆಂದಿದ್ದರಂತೆ. ದೂರದೂರಿನ ಸಂಗೀತ ಕಛೇರಿಗೆ ಹೋಗಿದ್ದವರು ಇವತ್ತಷ್ಟೇ ಬಂದದ್ದಂತೆ. ನೆಟ್ಟಗೆ ಬಂದು ಕಟಿಂಗಿನ ದುಡ್ಡನ್ನು ಸ್ಟೀರಿಯೋನ ಕೈಯಲ್ಲಿಟ್ಟರು.

"ಬೇಡ ಸಾರ್. ನಿಮ್ಮ ಹತ್ರ ಹೇಗೆ ತಗೊಳ್ಲಿ..."

"ತಗೊಳ್ಳಿ. ಇಷ್ಟು ಚೆಂದ ಗಡ್ಡ ನನಗೆ ಯಾರೂ ಮಾಡಿರ್ಲಿಲ್ಲ. ಕಛೇರಿಯಲ್ಲಿ ಎಲ್ಲರೂ ಕೇಳಿದ್ರು. ಒಬ್ಬ ದೊಡ್ಡ ಕಲಾವಿದರು ಮಾಡಿದ್ದು ಅಂದೆ."

ಸ್ಟೀರಿಯೋ ದುಡ್ಡಿನ ಸಮೇತ ಅವರ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ, ಕಣ್ಣು ತುಂಬಿತು. ಬೀದಿಯೆಲ್ಲ ನೋಡುತ್ತಿದೆಯೆಂದು ಗೊತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನೋಡಲಿ ಎಂದೇ ಬಿಟ್ಟ. ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದು, "ಉಳಿದರ್ಧ ಬೇಕಾದವರು ದುಡ್ಡು ಇಲ್ಲಿ ಕೊಡಿ. ತಮ್ಮಾ, ನೀನು ಮಸಾಜಿಂದೂ ಸೇರಿಸಿ ಕೊಡು," ಎಂದು ಕೈ ಚಾಚಿದಳು. ಭಾವಮೈದ ಕೊಟ್ಟ. ಪೇದೆಯವರು ಪರ್ಸ್ ಬಿಚ್ಚಿದಾಗ ಗುಂಪಿನಲ್ಲಿದ್ದ ಹಿರಿಯರೊಬ್ಬರು ಹತ್ತಿರ ಬಂದು ಬಗ್ಗಿ ನೋಡಿ, ಹೊರಗೆ ಬಂದದ್ದು ದುಡ್ಡೇ ಎಂದು ಖಾತ್ರಿ ಮಾಡಿಕೊಂಡರು.

ಎಲ್ಲರಿಗಿಂತ ಕೊನೆಯಲ್ಲಿ ಮೇಷ್ಟ್ರು ಕೊಟ್ಟರು. ಸ್ಟೀರಿಯೋ ಇನ್ನೂ ಕೊಳಲಿನವರ ಕೈ ಹಿಡಿದುಕೊಂಡೇ ನಿಂತಿದ್ದ. ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ತಲೆಯ ಎರಡು ಪಾಲನ್ನೂ ಒಂದು ಸಲ ದಿಟ್ಟಿಸಿ, ಗಂಟಲು ಸರಿಮಾಡಿಕೊಂಡರು.

"ಕಲಾವಿದರೇ," ಎಂದರು, "ಇನ್ನು ಸ್ವಲ್ಪ ಈ ಕಡೆಯೂ ಗಮನ ಕೊಡ್ತೀರಾ?"

"ಬಂದೆ ಮೇಷ್ಟ್ರೇ, ಬಂದೆ!" ಎಂದ ಸ್ಟೀರಿಯೋ, ಕತ್ತರಿ ಎತ್ತಿಕೊಂಡು. ಆದರೆ "ಕಲಾವಿದರೇ" ಎಂಬ ಆ ಮಾತನ್ನು ಬೀದಿಯ ಕೊನೆಯವರೆಗೆ ಎಲ್ಲರೂ ಕೇಳಿಸಿಕೊಂಡರೋ ಇಲ್ಲವೋ ಎಂಬ ಅನುಮಾನವಿದ್ದುದರಿಂದ, ಮೇಷ್ಟ್ರಿಂದ ಅದನ್ನು ಇನ್ನೊಂದು ಸಲ ಹೇಳಿಸಿದ ಮೇಲೆಯೇ ಬಲಗಡೆಗೆ ಕೈ ಹಾಕಿದ.